ಸಿರಿವಂತ ದೇಶಗಳಲ್ಲಿ ತೊಟ್ಟಿಲು ಬರಿದಾಗುತ್ತಿರುವುದೇಕೆ?

ದೇಶ ಶ್ರೀಮಂತವಾದಂತೆ ಜನನ ಪ್ರಮಾಣ ಇಳಿಯುತ್ತದೆ ಎಂಬುದು ಜನಸಂಖ್ಯಾ ಶಾಸ್ತ್ರದ ಹಳೆಯ ಪಾಠ. ಶಿಶು ಮರಣ ತಗ್ಗಿದಾಗ, ಹೆಣ್ಣುಮಕ್ಕಳು ಓದಿ ಉದ್ಯೋಗಕ್ಕೆ ಸೇರಿದಾಗ, ಗರ್ಭನಿರೋಧಕ ಸಾಧನಗಳು ಕೈಗೆಟುಕಿದಾಗ ಕುಟುಂಬ ಚಿಕ್ಕದಾಗುತ್ತದೆ. ಹೊಲದಲ್ಲಿ ನೆರವಾಗುತ್ತಿದ್ದ ಮಗು ನಗರದಲ್ಲಿ ಇಪ್ಪತ್ತು ವರ್ಷಗಳ ಖರ್ಚಿನ ಬಾಬತ್ತಾಗುತ್ತದೆ.

ಜನಸಂಖ್ಯೆ ಸ್ಥಿರವಾಗಿರಲು ಮಹಿಳೆಯೊಬ್ಬರಿಗೆ ಸರಾಸರಿ 2.1 ಮಕ್ಕಳಿರಬೇಕು. ದಕ್ಷಿಣ ಕೊರಿಯಾದಲ್ಲಿ 1960ರಲ್ಲಿ ಸುಮಾರು 6ರಷ್ಟಿದ್ದ ಈ ಪ್ರಮಾಣ 1980ರ ದಶಕದಲ್ಲೇ ಆ ಮಟ್ಟದಿಂದ ಕೆಳಗಿಳಿಯಿತು. 2023ರಲ್ಲಿ 0.72ಕ್ಕೆ ಕುಸಿದು, 2024ರಲ್ಲಿ 0.75ಕ್ಕೆ ಏರಿತು. ಆ ಅಲ್ಪ ಏರಿಕೆಯೇ ಅಲ್ಲಿ ದೊಡ್ಡ ಸುದ್ದಿಯಾಯಿತು.

ಆಸೆ ಹುಟ್ಟಿಸಿದ ಅಧ್ಯಯನ

2009ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪಾಠವನ್ನೇ ಪ್ರಶ್ನಿಸಿತು. ಮಿಕ್ಕೊ ಮಿರ್‌ಸ್ಕುಲಾ, ಹಾನ್ಸ್-ಪೀಟರ್ ಕೋಲರ್ ಮತ್ತು ಫ್ರಾನ್ಸೆಸ್ಕೊ ಬಿಲ್ಲಾರಿ ಅವರು 1975 ಹಾಗೂ 2005ರ ಅಂಕಿ-ಅಂಶಗಳನ್ನು ಹೋಲಿಸಿ, ಮಾನವ ಅಭಿವೃದ್ಧಿ ಸೂಚ್ಯಂಕ ಅತ್ಯುನ್ನತ ಮಟ್ಟ ಮುಟ್ಟಿದ ಬಳಿಕ ಜನನ ಪ್ರಮಾಣ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದರು. ಆದರೆ ಜಪಾನ್, ದಕ್ಷಿಣ ಕೊರಿಯಾ ಈ ಸೂತ್ರಕ್ಕೆ ಒಗ್ಗಲಿಲ್ಲ.

ಸ್ವೀಡನ್ ಈ ವಾದಕ್ಕೆ ತಕ್ಕ ನಿದರ್ಶನವಾಗಿತ್ತು. ತಂದೆ-ತಾಯಿ ಇಬ್ಬರೂ ಹಂಚಿಕೊಳ್ಳಬಹುದಾದ ವೇತನಸಹಿತ ರಜೆಯನ್ನು 1974ರಲ್ಲೇ ಜಾರಿಗೆ ತಂದ ದೇಶವದು. 1999ರಲ್ಲಿ ಸುಮಾರು 1.5 ಇದ್ದ ಪ್ರಮಾಣ 2010ರ ಹೊತ್ತಿಗೆ 2ರ ಸಮೀಪಕ್ಕೆ ಬಂದಿತ್ತು. ಕೊರಿಯಾದಲ್ಲಿ ಹೆಣ್ಣು ಉದ್ಯೋಗಕ್ಕೆ ಹೋದರೂ ಮನೆಗೆಲಸದ ಭಾರ ಇಳಿಯಲಿಲ್ಲ. ದೀರ್ಘ ದುಡಿಮೆ, ದುಬಾರಿ ಮನೆ, ಖಾಸಗಿ ಟ್ಯೂಷನ್ನಿನ ವೆಚ್ಚ ಜತೆಗೂಡಿದವು. ವಿವಾಹದ ಹೊರಗೆ ಮಗು ಪಡೆಯುವುದು ಅಪರೂಪವಾದ ಆ ಸಮಾಜದಲ್ಲಿ ಮದುವೆ ಮುಂದಕ್ಕೆ ಹೋದರೆ ತೊಟ್ಟಿಲೂ ಮುಂದಕ್ಕೆ ಹೋಗುತ್ತದೆ.

ಮತ್ತೆ ಇಳಿಮುಖ

ಆದರೆ 2010ರ ನಂತರ ಉತ್ತರ ಯುರೋಪಿನಲ್ಲೂ ಲೆಕ್ಕಾಚಾರ ತಲೆಕೆಳಗಾಯಿತು. ಸ್ವೀಡನ್‌ನ ಪ್ರಮಾಣ 2024ರಲ್ಲಿ 1.43ಕ್ಕೆ ಇಳಿಯಿತು. ಫಿನ್ಲೆಂಡ್‌ನಲ್ಲಿ 2010ರಲ್ಲಿ 1.87 ಇದ್ದದ್ದು 2023ರಲ್ಲಿ 1.26 ಆಯಿತು. ರಜೆ, ಶಿಶುವಿಹಾರ ಯಾವುದಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಫಿನ್ಲೆಂಡ್‌ನ ಇಳಿಕೆಯಲ್ಲಿ ಹೆಚ್ಚಿನ ಪಾಲು ಮೊದಲ ಮಗುವಿನದೇ. ದಂಪತಿ ಎರಡನೆಯ ಮಗು ಬೇಡವೆನ್ನುವುದಕ್ಕಿಂತ, ಮೊದಲನೆಯದೇ ತಡವಾಗುತ್ತಿದೆ ಇಲ್ಲವೇ ಹುಟ್ಟುತ್ತಲೇ ಇಲ್ಲ. ಸರ್ಕಾರದ ಸವಲತ್ತು ಮಗು ಬಯಸಿದವರ ಹಾದಿಯನ್ನು ಸುಗಮಗೊಳಿಸಬಲ್ಲದು. ಬಯಕೆಯನ್ನೇ ಹುಟ್ಟಿಸುವುದು ಕಷ್ಟ ಎಂಬುದನ್ನು ಇದು ಸೂಚಿಸುತ್ತದೆ.

ದುಡಿಯುವವರು ಕಡಿಮೆಯಾಗಿ ವೃದ್ಧರು ಹೆಚ್ಚಿದರೆ ಪಿಂಚಣಿ, ಆರೋಗ್ಯ ಸೇವೆಯ ಹೊರೆ ಕೆಲವರ ಹೆಗಲಿಗೇ ಬೀಳುತ್ತದೆ. ಇದು ಪರದೇಶದ ಚಿಂತೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಪ್ರಮಾಣ 1.7. ಸ್ವೀಡನ್‌ನಷ್ಟು ಸಿರಿವಂತಿಕೆ ಬರುವ ಮೊದಲೇ ರಾಜ್ಯ ಅದೇ ಹಾದಿ ಹಿಡಿದಿದೆ.