ಪೊರೆ ತೆಗೆಯುವಾಗ ಕಣ್ಣು ಕಾಯುವ ಜೆಲ್

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೊರಟವರು ಯಾವ ಲೆನ್ಸ್ ಹಾಕುತ್ತೀರಿ ಎಂದು ಕೇಳುತ್ತಾರೆ. ಕಣ್ಣೊಳಗೆ ಯಾವ ಜೆಲ್ ಬಳಸುತ್ತೀರಿ ಎಂದು ಕೇಳುವವರು ವಿರಳ. ಆದರೆ ಶಸ್ತ್ರಚಿಕಿತ್ಸೆಯುದ್ದಕ್ಕೂ ಕಣ್ಣನ್ನು ಕಾಯುವುದು ಆ ಜೆಲ್ಲೇ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಪದರವಾಗಿ ಹಾಸಿರುವ ಎಂಡೋಥೀಲಿಯಂ ಕೋಶಗಳು ನೀರನ್ನು ಹೊರಹಾಕುತ್ತಾ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ವಯಸ್ಕರಲ್ಲಿ ಇವು ಚದರ ಮಿಲಿಮೀಟರಿಗೆ ಸುಮಾರು 2,500. ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಸಂಖ್ಯೆ ಸುಮಾರು 500ಕ್ಕಿಂತ ಕೆಳಗಿಳಿದರೆ ಕಾರ್ನಿಯಾ ಊದಿ ಮಂಜಾಗುವ ಭಯವಿದೆ. ಪೊರೆಯನ್ನು ಒಡೆದು ಹೀರುವ ಫೇಕೊ ಯಂತ್ರದ ಸೂಜಿಯ ಅಲ್ಟ್ರಾಸೌಂಡ್, ಪೊರೆಯ ಚೂರುಗಳು, ರಭಸದ ದ್ರವ ಇವೆಲ್ಲಕ್ಕೂ ಜೆಲ್ ಅಡ್ಡ ನಿಲ್ಲುತ್ತದೆ.

ಎಲ್ಲ ಜೆಲ್‌ಗಳ ಗುಣ ಒಂದಲ್ಲ. 1980ರ ಹೊತ್ತಿಗೆ ಬಳಕೆಗೆ ಬಂದ ಹೀಲಾನ್‌ನಲ್ಲಿರುವುದು ಸೋಡಿಯಂ ಹಯಲುರೊನೇಟ್. ಮೊದಲಿಗೆ ಅದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಇದರ ಉದ್ದನೆಯ ಅಣುಗಳು ಹೆಣೆದುಕೊಂಡು ಮುದ್ದೆಯಂತೆ ಒಟ್ಟಾಗಿರುತ್ತವೆ. ಕಣ್ಣೊಳಗೆ ಜಾಗ ಮಾಡಿಕೊಡುವುದರಲ್ಲಿ, ಕೊನೆಗೆ ಸುಲಭವಾಗಿ ಹೊರಬರುವುದರಲ್ಲಿ ಇದು ಮೇಲು. ಆದರೆ ಫೇಕೊ ಯಂತ್ರದ ಸೆಳೆತಕ್ಕೆ ಬೇಗ ಹೊರಟುಹೋಗುತ್ತದೆ. ಹಯಲುರೊನೇಟ್ ಜೊತೆ ಕಾಂಡ್ರಾಯ್ಟಿನ್ ಸಲ್ಫೇಟ್ ಬೆರೆತ ವಿಸ್ಕೋಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತದೆ. ಆದರೆ ಪೂರ್ತಿ ತೆಗೆಯುವುದು ಕಷ್ಟ, ಉಳಿದುಬಿಟ್ಟರೆ ಮೊದಲ ಕೆಲವು ಗಂಟೆಗಳಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಶೇ. 2ರ ಎಚ್‌ಪಿಎಂಸಿ (ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್) ಜೆಲ್. ಸಸ್ಯದ ಸೆಲ್ಯುಲೋಸ್‌ನಿಂದ ತಯಾರಾಗುವ ಇದಕ್ಕೆ ಬೆಲೆ ಕಡಿಮೆ, ಫ್ರಿಜ್ ಬೇಡ.

ಹಾಗಾದರೆ ಅಗ್ಗದ ಜೆಲ್ ಬಡವರ ಕಣ್ಣಿಗೆ, ದುಬಾರಿ ಜೆಲ್ ಉಳ್ಳವರ ಕಣ್ಣಿಗೆ ಎಂದಾಯಿತೇ? ಇದು ನ್ಯಾಯವಾದ ಆಕ್ಷೇಪ. ಆದರೆ ಆಯ್ಕೆ ನಡೆಯಬೇಕಾದದ್ದು ಕಣ್ಣಿನ ಸ್ಥಿತಿ ನೋಡಿ. ಕೋಶಗಳು ಸಾಕಷ್ಟಿದ್ದು, ಪೊರೆ ಮೆದುವಾಗಿದ್ದು, ಕೈ ಪಳಗಿದ್ದರೆ ಎಚ್‌ಪಿಎಂಸಿ ಸಾಮಾನ್ಯವಾಗಿ ಸಾಕು. ಪೊರೆ ಕಲ್ಲಿನಷ್ಟು ಗಟ್ಟಿಯಾಗಿದ್ದರೆ, ಕೋಶಗಳು ಮೊದಲೇ ಕುಂದಿದ್ದರೆ ವಿಸ್ಕೋಟ್‌ನಂಥ ಅಂಟುವ ಜೆಲ್ ಬೇಕೇ ಬೇಕು. ಅಲ್ಲಿ ಹಣ ಉಳಿಸುವುದು ತಪ್ಪು. ಕೆನಡಾದ ಸ್ಟೀವ್ ಆರ್ಶಿನಾಫ್ 1999ರಲ್ಲಿ ವಿವರಿಸಿದ ವಿಧಾನ ಎರಡು ಬಗೆಯ ಜೆಲ್‌ಗಳನ್ನು ಕೂಡಿಸುತ್ತದೆ: ಕಾರ್ನಿಯಾದ ಕಡೆಗೆ ಅಂಟುವ ಜೆಲ್, ಅದರ ಕೆಳಗೆ ಒಟ್ಟಾಗಿ ನಿಲ್ಲುವ ಜೆಲ್. ಎಲ್ಲಕ್ಕೂ ಒಪ್ಪುವ ಒಂದೇ ಜೆಲ್ ಇದ್ದಿದ್ದರೆ ಈ ಜೋಡಣೆ ಬೇಕಾಗುತ್ತಿರಲಿಲ್ಲ.

ಗುಣಕ್ಕಿಂತ ಮೊದಲು ಬರಬೇಕಾದದ್ದು ಶುದ್ಧತೆ. 2019ರಲ್ಲಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರಿಗೆ ಸೋಂಕು ತಗುಲಿದಾಗ ಸಂಶಯ ಬಿದ್ದದ್ದು ಬಳಸಿದ ಜೆಲ್ ಮೇಲೆಯೇ. ಆದ್ದರಿಂದ ಸರ್ಕಾರಿ ಖರೀದಿಯಲ್ಲಿ ಕಡಿಮೆ ದರವೊಂದೇ ಅಳತೆಗೋಲಾಗಬಾರದು. ಪ್ರತಿ ಬ್ಯಾಚಿನ ಪರೀಕ್ಷೆ ಕಡ್ಡಾಯವಾಗಬೇಕು, ಕಷ್ಟದ ಕಣ್ಣುಗಳಿಗಾಗಿ ಅಂಟುವ ಜೆಲ್ ಕೂಡ ದಾಸ್ತಾನಿರಬೇಕು.