ಪೇಟೆ ಹೊಸದಾಗುವಾಗ ಬುಟ್ಟಿಗೆ ಜಾಗವೆಲ್ಲಿ?



ಊರ ನಡುವಿನ ಹಳೆಯ ಮಾರುಕಟ್ಟೆಯನ್ನು ಕೆಡವಿ ಹೊಸದು ಕಟ್ಟುತ್ತಾರೆ ಎಂಬ ಸುದ್ದಿ ಗೋವಾದಲ್ಲಿ ಆಗಾಗ ಕೇಳಿಬರುತ್ತದೆ. ಒಮ್ಮೆ ಪಣಜಿ, ಒಮ್ಮೆ ಮಾಪ್ಸಾ, ಇನ್ನೊಮ್ಮೆ ಮಡಗಾಂವ್. ಹಾಗೆ ಕಟ್ಟುವುದೆಂದರೆ ಏನು, ನಕ್ಷೆ ಬರೆಯುವವರು ಯಾವ ಯಾವ ಲೆಕ್ಕ ಹಾಕಬೇಕು, ಆ ಲೆಕ್ಕದಲ್ಲಿ ನಾವು ನೀವು ಎಲ್ಲಿದ್ದೇವೆ ಎಂಬುದನ್ನು ಇಂದು ನೋಡೋಣ.

ಪೇಟೆಯ ಕಟ್ಟಡದ ಮಾತು ಗಡಿಯ ಹಳ್ಳಿಯವರಿಗೇಕೆ ಎಂದು ನೀವು ಕೇಳಬಹುದು. ಗೋವಾದ ಅಡುಗೆಮನೆ ಸೇರುವ ಕಾಯಿಪಲ್ಲೆಯಲ್ಲಿ ದೊಡ್ಡ ಪಾಲು ಬೆಳಗಾವಿ ಕಡೆಯಿಂದ ಹೋಗುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿ ಇಳಿಯುವ ಲಾರಿಗಳನ್ನು ನೀವು ದಿನವೂ ನೋಡುತ್ತೀರಿ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಲಾರಿಗಳು ಗಡಿಯಲ್ಲಿ ನಿಂತಾಗ ಗೋವಾದ ಮನೆಗಳಲ್ಲಿ ಉಳ್ಳಾಗಡ್ಡಿ, ಟೊಮೆಟೊಗೂ ಪರದಾಡುವಂತಾಯಿತು. ಇತ್ತ ಬೆಳೆದವರ ಮಾಲು ಹೊಲದಲ್ಲೇ ಉಳಿಯಿತು. ಅಂದರೆ ಆ ಪೇಟೆಯ ಕಟ್ಟೆಗೂ ನಿಮ್ಮ ಹೊಲದ ಬದುವಿಗೂ ನೇರ ಸಂಬಂಧವಿದೆ. ಅಲ್ಲದೆ ಗೋವಾದ ಪೇಟೆಗಳಲ್ಲಿ ಹೂವು, ಹಣ್ಣು, ಸೊಪ್ಪು, ಬಟ್ಟೆ ಮಾರುತ್ತ ಕೂತವರಲ್ಲಿ ಕನ್ನಡ ಮಾತನಾಡುವವರು ಎಷ್ಟೋ ಮಂದಿ ಇದ್ದಾರೆ. ಅವರು ನಿಮ್ಮ ಅಕ್ಕ-ತಂಗಿಯರು, ಸೋದರ ಮಾವಂದಿರು, ಬೀಗರು.

ಮೊದಲು ಮಾಪ್ಸಾ ನೋಡೋಣ. ‘ಮಾಪ್’ ಎಂದರೆ ಅಳತೆ. ಅಳೆದು ತುಂಬುವ ಊರು ಎಂಬುದರಿಂದಲೇ ಆ ಹೆಸರು ಬಂತೆಂದು ಹೇಳುವುದುಂಟು. ಬಾರ್ದೇಸ ತಾಲೂಕಿನ ಈ ಊರಿನ ಶುಕ್ರವಾರದ ಸಂತೆ ಬಹಳ ಹಳೆಯದು. ಈಗಿನ ಮಾರುಕಟ್ಟೆಯ ಕಟ್ಟಡಗಳು ಎದ್ದದ್ದು ಪೋರ್ತುಗೀಜ ಆಳ್ವಿಕೆಯ ಕೊನೆಗಾಲದಲ್ಲಿ, 1960ರ ಸುಮಾರಿಗೆ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. ಮಾರುಕಟ್ಟೆ ಉಳಿದುಕೊಂಡು ಬಂತು. ಅದು ಗುಂಪುಗುಂಪಾಗಿ ಬೆಳೆದ ಪೇಟೆಯಲ್ಲ, ಮೊದಲೇ ಯೋಚಿಸಿ ಹಾಕಿದ ಪೇಟೆ. ಸಾಲು ಅಂಗಡಿಗಳು, ನಡುವೆ ತೆರೆದ ಅಂಗಳ, ಬಾಳೆಹಣ್ಣಿಗೆ ಒಂದು ಕಡೆ, ಹೂವಿಗೆ ಒಂದು ಕಡೆ, ಮೀನಿಗೆ ಬೇರೆ, ಮಣ್ಣಿನ ಮಡಕೆಗೆ ಬೇರೆ. ಮೊಯ್ರಾದ ಬಾಳೆ, ಪರ್‍ರಾದ ಕಲ್ಲಂಗಡಿ, ಹರ್ಮಲದ ಮೆಣಸಿನಕಾಯಿ ಎಂದು ಊರಿನ ಹೆಸರಿನಿಂದಲೇ ಮಾಲು ಕೇಳುವ ಗಿರಾಕಿಗಳು ಅಲ್ಲಿಗೆ ಬರುತ್ತಾರೆ. ಮೇ ತಿಂಗಳಲ್ಲಂತೂ ಪುರುಮೆಂತಿನ ಕಾಲ. ಮಳೆಗಾಲಕ್ಕೆಂದು ಒಣಮೀನು, ಉಪ್ಪು, ಹುಣಸೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಕೂಡಿಡುವ ಹೊತ್ತು.

ಈ ಪೇಟೆಯ ಗುಟ್ಟು ಏನೆಂದರೆ, ಅದರಲ್ಲಿ ಎರಡು ಬಗೆಯ ವ್ಯಾಪಾರ ಒಂದರ ಬೆನ್ನಿಗೆ ಒಂದು ನಿಂತಿದೆ. ಒಂದು, ಬೀಗ ಹಾಕುವ ಬಾಗಿಲಿರುವ ಮಳಿಗೆ. ಇನ್ನೊಂದು, ನೆಲದ ಮೇಲೆ ಗೋಣಿಚೀಲ ಹಾಸಿ ಕೂರುವ ಬುಟ್ಟಿ. ಬುಟ್ಟಿಯ ತಾಜಾ ಸೊಪ್ಪಿಗೆಂದು ಬಂದ ಗಿರಾಕಿ ಮಳಿಗೆಯಲ್ಲಿ ಬಟ್ಟೆ, ಪಾತ್ರೆ ಕೊಳ್ಳುತ್ತಾನೆ. ಮಳಿಗೆಗೆ ಬಂದವಳು ಹೋಗುವಾಗ ಬುಟ್ಟಿಯಿಂದ ಒಂದು ಕಟ್ಟು ಸೊಪ್ಪು ಒಯ್ಯುತ್ತಾಳೆ. ಬುಟ್ಟಿಯವಳು ಕೊಡುವುದು ದಿನದ ‘ಸೋಪೊ’. ನಮ್ಮ ಕಡೆ ಸಂತೆ ಸುಂಕ ಎನ್ನುತ್ತೇವಲ್ಲ, ಅದೇ. ಮಳಿಗೆಯವನಿಗೆ ಕರಾರುಪತ್ರವಿದೆ. ಬುಟ್ಟಿಯವಳ ಕೈಯಲ್ಲಿ ಇರುವುದು ಸೋಪೊ ಚೀಟಿ ಮಾತ್ರ. ಮುಂದಿನ ಮಾತಿಗೆಲ್ಲ ಇದೇ ಬುನಾದಿ, ನೆನಪಿನಲ್ಲಿಡಿ.

ಹಾಗಾದರೆ ಹಳೆಯದನ್ನೇ ಹಾಗೇ ಬಿಟ್ಟುಬಿಡಬಾರದೇ? ಅದೂ ಸರಿಯಲ್ಲ. ಸಮುದ್ರದ ಉಪ್ಪುಗಾಳಿ, ಮೂರು ನಾಲ್ಕು ತಿಂಗಳ ಜಡಿಮಳೆ ಇವು ಸಿಮೆಂಟಿನೊಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತವೆ. ಆಗ ಗಿಲಾವು ಉದುರುತ್ತದೆ, ಛಾವಣಿ ಸೋರುತ್ತದೆ. 1960ರಲ್ಲಿ ಬಂದವರು ನಡೆದೋ ಬಸ್ಸಿನಲ್ಲೋ ಬಂದರು. ಇಂದು ಸ್ಕೂಟರು, ಕಾರು, ಟೆಂಪೊ. ಕಸ ಹೆಚ್ಚಿದೆ, ವಿದ್ಯುತ್ತಿನ ತಂತಿ ಹೆಚ್ಚಿದೆ, ಬೆಂಕಿಯ ಭಯವೂ ಹೆಚ್ಚಿದೆ. ಸರಿಪಡಿಸದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಮೈಸೂರಿನ ಉದಾಹರಣೆ ಇದೆ. 2016ರ ಆಗಸ್ಟ್ 28ರಂದು ಅಲ್ಲಿನ ಹೆಸರಾಂತ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆದಿರುವಾಗಲೇ ಕುಸಿಯಿತು. ಆಮೇಲೆ ಉಳಿಸಬೇಕೋ ಕೆಡವಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆದ್ದರಿಂದ ಕಟ್ಟಬೇಕೇ ಬೇಡವೇ ಎಂಬುದಕ್ಕಿಂತ ಹೇಗೆ ಕಟ್ಟಬೇಕು, ಯಾರನ್ನು ಕೇಳಿ ಕಟ್ಟಬೇಕು ಎಂಬುದೇ ಮುಖ್ಯ.

ಪಣಜಿ ಈ ದಾರಿಯಲ್ಲಿ ಮೊದಲೇ ನಡೆದಿದೆ. 2002ರಲ್ಲಿ ಅಲ್ಲಿನ ಪುರಸಭೆ ಮಹಾನಗರಪಾಲಿಕೆಯಾಯಿತು. ಆ ಸುಮಾರಿನ ವರ್ಷಗಳಲ್ಲೇ ಹಳೆಯ ಮಾರುಕಟ್ಟೆ ಹೋಗಿ, ಹಂತ ಹಂತವಾಗಿ ಹೊಸ ಸಂಕೀರ್ಣ ಎದ್ದಿತು. ಕಟ್ಟಡವೇನೋ ಬಂತು. ಆದರೆ ಮಳಿಗೆಗಳ ಗುತ್ತಿಗೆ ಕರಾರಿನ ತಕರಾರು ಎಷ್ಟೋ ವರ್ಷ ಬಗೆಹರಿಯಲಿಲ್ಲ. ಕರಾರು ಇಲ್ಲದಿದ್ದರೆ ಪಾಲಿಕೆಗೆ ಸರಿಯಾದ ಬಾಡಿಗೆ ಇಲ್ಲ. ಬಾಡಿಗೆ ಇಲ್ಲದಿದ್ದರೆ ನೀರು, ದೀಪ, ಸ್ವಚ್ಛತೆಗೆ ಹಣವಿಲ್ಲ. ಸ್ವಚ್ಛತೆ ಇಲ್ಲದಿದ್ದರೆ ಗಿರಾಕಿಯ ಗೊಣಗಾಟ. ಇದರಿಂದ ಕಲಿಯಬೇಕಾದ ಪಾಠ ಸುಲಭವಾಗಿದೆ. ಹಳೆಯ ಜಾಗ ಬಿಡುವ ಮುಂಚೆಯೇ ಹೊಸ ಜಾಗದ ಕಾಗದ ಕೈಗೆ ಬರಬೇಕು.

ಇನ್ನು ನಕ್ಷೆಯ ಲೆಕ್ಕಕ್ಕೆ ಬರೋಣ. ಮುಖ್ಯವಾಗಿ ನಾಲ್ಕು.

ಮೊದಲನೆಯದು ನೆಲದ ಲೆಕ್ಕ. ಮಾರುಕಟ್ಟೆಯಲ್ಲಿ ನೆಲಮಟ್ಟದ ಜಾಗವೇ ಚಿನ್ನ. ಎರಡು ಬುಟ್ಟಿ, ಒಂದು ಮಗು ಇರುವ ಹೆಂಗಸು ಒಂದು ಕಟ್ಟು ಕೊತ್ತಂಬರಿಗಾಗಿ ಮೆಟ್ಟಿಲು ಹತ್ತುವುದಿಲ್ಲ. ಮೀನು, ಸೊಪ್ಪು, ಹೂವು, ಹಣ್ಣನ್ನು ಮೇಲಂತಸ್ತಿಗೆ ಕಳಿಸಿದರೆ ಆ ವ್ಯಾಪಾರ ಮತ್ತೆ ಬೀದಿಗೆ ಇಳಿಯುತ್ತದೆ, ಮೇಲಿನ ಅಂತಸ್ತು ಖಾಲಿ ಬೀಳುತ್ತದೆ. ಕಚೇರಿ, ದರ್ಜಿ ಅಂಗಡಿ, ಬ್ಯಾಂಕು ಇವು ಮೇಲಿದ್ದರೆ ನಡೆಯುತ್ತದೆ.

ಎರಡನೆಯದು ನಡಿಗೆಯ ಲೆಕ್ಕ. ಗಿರಾಕಿ ಎಲ್ಲಿ ಬಸ್ಸಿಳಿಯುತ್ತಾನೆ, ಯಾವ ಬಾಗಿಲಲ್ಲಿ ಒಳಬರುತ್ತಾನೆ, ಯಾರ ಮುಂದೆ ಹಾದು ಹೋಗುತ್ತಾನೆ? ಒಂದು ಬಾಗಿಲು ಮುಚ್ಚಿದರೆ ಅದರ ಪಕ್ಕದ ಹತ್ತು ಮಂದಿಯ ಹೊಟ್ಟೆಗೆ ಪೆಟ್ಟು. ಮೀನಿನ ಕಟ್ಟೆಯ ನೀರು ಕಾಯಿಪಲ್ಲೆಯ ಕಡೆ ಹರಿಯದಂತೆ ನೆಲಕ್ಕೆ ಇಳಿಜಾರು ಬೇಕು. ಬೆಳಗಿನ ಜಾವ ಲಾರಿ ಇಳಿಸಲು ಜಾಗ ಬೇಕು. ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು, ಮಾರದೆ ಉಳಿದ ಮಾಲು ಇಡಲು ಒಂದು ಕೋಣೆ ಬೇಕು. ನಸುಕಿನಲ್ಲಿ ಮನೆ ಬಿಟ್ಟು ಸಂಜೆಯವರೆಗೆ ಕೂರುವವಳಿಗೆ ಇವು ಇಲ್ಲದ ಕಟ್ಟಡ ಎಷ್ಟು ಚೆಂದವಿದ್ದರೂ ಏನು ಪ್ರಯೋಜನ?

ಮೂರನೆಯದು ವಾಹನದ ಲೆಕ್ಕ. ಒಂದು ಕಾರು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ, ಅಂದರೆ ಹನ್ನೆರಡೂವರೆ ಚದರ ಮೀಟರು ಬೇಕು. ಬುಟ್ಟಿಯವಳಿಗೆ ನಾಲ್ಕಡಿಗೆ ನಾಲ್ಕಡಿ, ಸುಮಾರು ಒಂದೂವರೆ ಚದರ ಮೀಟರು ಸಾಕು. ಒಂದು ಕಾರಿನ ಜಾಗದಲ್ಲಿ ಎಂಟು ಮಂದಿ ಕೂತು ಎಂಟು ಮನೆ ನಡೆಸಬಹುದು. ಕಾರು ಬೇಡವೆಂದಲ್ಲ, ಅದು ಪೇಟೆಯ ಅಂಚಿನಲ್ಲಿ ನಿಲ್ಲಲಿ, ನಡುವಿನ ನೆಲ ಮನುಷ್ಯರಿಗಿರಲಿ.

ನಾಲ್ಕನೆಯದು ಹಣದ ಮತ್ತು ಕಾಲದ ಲೆಕ್ಕ. ಪಾಲಿಕೆಯ ಬಳಿ ಹಣವಿಲ್ಲದಿದ್ದರೆ ಖಾಸಗಿ ಗುತ್ತಿಗೆದಾರ ಬರುತ್ತಾನೆ. ಅವನು ಹಾಕಿದ ಹಣ ಎಲ್ಲಿಂದಲಾದರೂ ಹಿಂತಿರುಗಬೇಕಲ್ಲ? ಹೆಚ್ಚಿನ ಮಳಿಗೆ, ಹೆಚ್ಚಿನ ಠೇವಣಿ, ಹೆಚ್ಚಿನ ಬಾಡಿಗೆಯಿಂದ ಅದು ಬರುತ್ತದೆ. ತೆರೆದ ಅಂಗಳದಿಂದ ಅವನಿಗೆ ಏನೂ ಹುಟ್ಟುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಮೊದಲು ಸಣ್ಣದಾಗುವುದು ಬುಟ್ಟಿಯ ಅಂಗಳವೇ. ಜೊತೆಗೆ, ಕಟ್ಟುವ ವರ್ಷಗಳಲ್ಲಿ ವ್ಯಾಪಾರಿಗಳು ಎಲ್ಲಿ ಕೂರಬೇಕು? ‘ತಾತ್ಪೂರ್ತಿಕ’ ಎಂದು ದೂರ ಕಳಿಸಿದರೆ ಅಷ್ಟರಲ್ಲಿ ಗಿರಾಕಿಗೆ ಬೇರೆ ದಾರಿಯ ರೂಢಿಯಾಗುತ್ತದೆ. ಇಡೀ ಪೇಟೆಯನ್ನು ಒಮ್ಮೆಲೇ ಕೆಡವದೆ ಒಂದೊಂದೇ ತುಂಡನ್ನು ಕಟ್ಟಿ ಮುಗಿಸುವುದು ನಿಧಾನವಾದರೂ ಕ್ಷೇಮ.

ಪೇಟೆ ಸ್ಥಳ ಬದಲಿಸಿದರೆ ಏನಾಗುತ್ತದೆಂಬುದನ್ನು ನೀವು ಬೆಳಗಾವಿಯಲ್ಲೇ ಕಂಡಿದ್ದೀರಿ. ಕೋಟೆಯ ಹತ್ತಿರ ದಂಡು ಪ್ರದೇಶದಲ್ಲಿದ್ದ ಸಗಟು ತರಕಾರಿ ಮಾರುಕಟ್ಟೆ 2019ರಲ್ಲಿ ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು. 2022ರಲ್ಲಿ ಜೈ ಕಿಸಾನ್ ಎಂಬ ಖಾಸಗಿ ಮಾರುಕಟ್ಟೆ ತೆರೆಯಿತು. ವರ್ತಕರು ಎರಡು ಕಡೆ ಹಂಚಿಹೋದರು, ರೈತರು ಬೀದಿಗಿಳಿದು ಪ್ರತಿಭಟಿಸಿದರು. ಮಾಲು ಯಾವ ಕಡೆ ಇಳಿಸಬೇಕೆಂಬ ಗೊಂದಲದ ಖರ್ಚು ಬಿದ್ದದ್ದು ಬೆಳೆದವನ ತಲೆಯ ಮೇಲೆ.

ದೊಡ್ಡ ದೇಶಗಳೂ ಈ ಪಾಠವನ್ನು ಸುಲಭವಾಗಿ ಕಲಿತಿಲ್ಲ. ಪ್ಯಾರಿಸ್ ನಗರದ ನಡುವೆ ಲೇ ಹಾಲ್ ಎಂಬ ದೊಡ್ಡ ಮಾರುಕಟ್ಟೆಯಿತ್ತು. 1969ರಲ್ಲಿ ಅದನ್ನು ಊರಾಚೆಯ ರುಂಜಿಸ್‌ಗೆ ಸಾಗಿಸಿದರು; 1971ರಿಂದ ಹಳೆಯ ಕಬ್ಬಿಣದ ಚಪ್ಪರಗಳನ್ನು ಕಿತ್ತರು. ಬಹುಕಾಲ ಅಲ್ಲಿ ಒಂದು ದೊಡ್ಡ ಹೊಂಡವಿತ್ತು. 1979ರಲ್ಲಿ ನೆಲದಡಿಯ ಅಂಗಡಿ ಸಂಕೀರ್ಣ ತೆರೆಯಿತು. ಅದೂ ಸರಿಹೋಗದೆ ಮತ್ತೆ ಕಟ್ಟಿ 2016ರಲ್ಲಿ ಹೊಸ ಛಾವಣಿ ಹಾಕಿದರು. ಲಂಡನ್ನಿನ ಕೋವೆಂಟ್ ಗಾರ್ಡನ್ ಸಗಟು ಮಾರುಕಟ್ಟೆ 1974ರಲ್ಲಿ ಬೇರೆಡೆ ಹೋಯಿತು. ಅಲ್ಲಿನ ನಿವಾಸಿಗಳು ಹಟ ಹಿಡಿದದ್ದರಿಂದ ಹಳೆಯ ಕಟ್ಟಡ ಉಳಿದು 1980ರಲ್ಲಿ ಅಂಗಡಿಗಳ ತಾಣವಾಯಿತು. ಕಟ್ಟಡ ಉಳಿಯಿತು, ನಿಜ. ಆದರೆ ತರಕಾರಿ ಬುಟ್ಟಿ ಅಲ್ಲಿಗೆ ಮರಳಲಿಲ್ಲ. ಗೋಡೆ ಉಳಿಸುವುದೇ ಬೇರೆ, ಪೇಟೆ ಉಳಿಸುವುದೇ ಬೇರೆ.

ಹಾಗಾದರೆ ಬುಟ್ಟಿಯವಳಿಗೆ ಆಸರೆ ಏನು? ಕಟ್ಟಡದೊಳಗಿನ ಮಳಿಗೆಗೆ ಪಾಲಿಕೆಯ ಕರಾರೇ ಆಧಾರ. ಬೀದಿ, ಬಯಲು ಮುಂತಾದ ಸಾರ್ವಜನಿಕ ಜಾಗದಲ್ಲಿ ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ಅದರಂತೆ ಪ್ರತಿ ಊರಿನಲ್ಲಿ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆಯಾಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಇದ್ದವರನ್ನು ಬೇರೆಡೆ ಕಳಿಸಬೇಕಾದರೆ 30 ದಿನದ ನೋಟೀಸು ಕೊಡಬೇಕು. ಐವತ್ತು ವರ್ಷ ಮೀರಿ ವ್ಯಾಪಾರ ನಡೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಸಾರಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂದೂ ಅದರ ಅನುಸೂಚಿಯಲ್ಲಿದೆ.

ಇಲ್ಲೊಂದು ತೊಡಕು ಇದೆ. ಸಮೀಕ್ಷೆಯವರು ಮಂಗಳವಾರ ಬಂದರೆ ಶುಕ್ರವಾರ ಮಾತ್ರ ಬರುವ ಹಳ್ಳಿಯ ಹೆಂಗಸು ಲೆಕ್ಕಕ್ಕೇ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದವಳಿಗೆ ನಕ್ಷೆಯಲ್ಲಿ ಜಾಗವಿಲ್ಲ. ಇಪ್ಪತ್ತು ವರ್ಷ ಒಂದೇ ಕಂಬದ ಬುಡದಲ್ಲಿ ಕೂತಿದ್ದರೂ ಆ ಕಂಬ ಬಿದ್ದ ದಿನ ಅವಳ ಹಕ್ಕಿಗೂ ಸಾಕ್ಷಿ ಉಳಿಯುವುದಿಲ್ಲ.

ಆದ್ದರಿಂದ ನಿಮ್ಮ ಮನೆಯವರು ಯಾರಾದರೂ ಗೋವಾದ ಪೇಟೆಯಲ್ಲಿ ಕೂರುತ್ತಿದ್ದರೆ ಅವರಿಗೆ ಈ ಮಾತು ತಿಳಿಸಿ. ಸೋಪೊ ಚೀಟಿಯನ್ನು ಎಸೆಯಬೇಡಿ, ದಾರ ಪೋಣಿಸಿ ಇಟ್ಟುಕೊಳ್ಳಿ. ಚೀಟಿ ಕೊಡದೆ ಹಣ ಕೇಳಿದರೆ ಚೀಟಿ ಕೇಳಿ ಪಡೆಯಿರಿ. ಸಮೀಕ್ಷೆ ಸಂತೆಯ ದಿನವೇ ಆಗಲಿ ಎಂದು ಪಾಲಿಕೆಗೆ ಬರೆದುಕೊಡಿ, ಆ ಅರ್ಜಿಯ ಒಂದು ಪ್ರತಿಗೆ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಬರೆಯಲು ಬಂದರೂ ಅಲ್ಲಿನ ಕಚೇರಿಗೆ ಕೊಂಕಣಿ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ಕೊಟ್ಟರೆ ಕೆಲಸ ಬೇಗ; ಎರಡು ಭಾಷೆ ಬಲ್ಲ ಮಕ್ಕಳು ನಿಮ್ಮ ಮನೆಯಲ್ಲೇ ಇದ್ದಾರೆ, ಅವರಿಂದ ಬರೆಸಿ. ನಕ್ಷೆಯನ್ನು ಜನರ ಮುಂದೆ ಇಟ್ಟಾಗ ಹೋಗಿ ನೋಡಿ. ‘ಬುಟ್ಟಿಯವರ ಅಂಗಳ ಎಲ್ಲಿದೆ, ಎಷ್ಟು ಅಡಿ, ಮಳೆಗೆ ಮಾಡು ಇದೆಯೇ, ಕಟ್ಟುವಾಗ ನಾವು ಎಲ್ಲಿ ಕೂರಬೇಕು, ಮರಳಿ ಬರುವುದಕ್ಕೆ ಕಾಗದ ಯಾವಾಗ ಕೊಡುತ್ತೀರಿ?’ ಇಷ್ಟು ಕೇಳಿದರೆ ಸಾಕು. ಆಕ್ಷೇಪಣೆ ಇದ್ದರೆ ಹೇಳಿದ ಅವಧಿಯೊಳಗೇ ಬರೆದುಕೊಡಿ. ಸ್ಥಳೀಯ ವ್ಯಾಪಾರಿಗಳೊಡನೆ ಕೂಡಿಯೇ ಕೇಳಿ. ಮಳಿಗೆಯವರು ಮತ್ತು ಬುಟ್ಟಿಯವರು, ಅಲ್ಲಿನವರು ಮತ್ತು ಇಲ್ಲಿನವರು ಬೇರೆ ಬೇರೆಯಾಗಿ ಹೋದರೆ ಯಾರ ಮಾತೂ ಮುಟ್ಟುವುದಿಲ್ಲ.

ಹೊಸ ಪೇಟೆ ಬರಲಿ, ಸೋರದ ಮಾಡು, ಒಳ್ಳೆಯ ನೀರು, ಬೆಳಕು ಬರಲಿ. ಅದರ ನಕ್ಷೆಯಲ್ಲಿ ನಾಲ್ಕಡಿಗೆ ನಾಲ್ಕಡಿಯ ಆ ಚೌಕವೂ ಇದೆಯೇ ಎಂದು ಮುಂದಿನ ಶುಕ್ರವಾರ ಸಂತೆಗೆ ಹೋದಾಗ ಕೇಳಿ ಬನ್ನಿ.