ಒಳ್ಳೆಯ ಬ್ಯಾಟರಿ ಬರಲಿ ಎಂದು ಕಾಯಬೇಕೇ?

2001ರಲ್ಲಿ ಬೆಂಗಳೂರಿನ ರಸ್ತೆಗೆ ಇಳಿದ ರೇವಾ ಎಲೆಕ್ಟ್ರಿಕ್ ಕಾರಿನಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿದರೆ ಓಡುತ್ತಿದ್ದದ್ದು ಹೆಚ್ಚೆಂದರೆ 80 ಕಿ.ಮೀ. ‘ಒಳ್ಳೆಯ ಬ್ಯಾಟರಿ ಬರಲಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಆಗ ಅರ್ಥವಿತ್ತು. ಇಂದು 15 ಲಕ್ಷದ ಆಸುಪಾಸಿನ ಕಾರುಗಳೇ 250–350 ಕಿ.ಮೀ. ಓಡುತ್ತಿವೆ. ಆದರೂ ಎಲೆಕ್ಟ್ರಿಕ್ ಕಾರು (ಇವಿ) ಕೊಳ್ಳುವ ಮಾತು ಬಂದಾಗಲೆಲ್ಲ ಅದೇ ಸಲಹೆ ಕೇಳಿಬರುತ್ತದೆ. ಕಾಯುವುದರಲ್ಲಿ ತಪ್ಪಿಲ್ಲ, ಆದರೆ ಕಾರಣ ಸರಿಯಾಗಿರಬೇಕು. ಜನರ ಬಾಯಲ್ಲಿರುವ ಐದು ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ತಪ್ಪು ಕಲ್ಪನೆ 1: ಎರಡು ವರ್ಷದಲ್ಲಿ ಸಾಲಿಡ್ ಸ್ಟೇಟ್ ಬ್ಯಾಟರಿ ಬರುತ್ತದೆ, ಈಗಿನ ಕಾರುಗಳೆಲ್ಲ ಗುಜರಿಗೆ

ಸತ್ಯ: ಈಗಿನ ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ದ್ರವದ ಜಾಗದಲ್ಲಿ ಘನ ಪದಾರ್ಥ ಬಳಸಿದರೆ ಅದು ಸಾಲಿಡ್ ಸ್ಟೇಟ್. ಅಷ್ಟೇ ತೂಕದಲ್ಲಿ ಹೆಚ್ಚು ಶಕ್ತಿ, ಬೇಗ ಚಾರ್ಜ್ ಎಂಬ ಭರವಸೆ ಸುಳ್ಳಲ್ಲ. ತೊಡಕಿರುವುದು ತಯಾರಿಕೆಯಲ್ಲಿ. ಚಾರ್ಜ್ ಆಗುವಾಗ, ಖಾಲಿಯಾಗುವಾಗ ಒಳಪದರಗಳು ಹಿಗ್ಗಿ ಕುಗ್ಗುತ್ತವೆ. ದ್ರವವಾದರೆ ಆ ಸಂದನ್ನು ತಾನೇ ತುಂಬಿಕೊಳ್ಳುತ್ತದೆ, ಘನವಾದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಸಣ್ಣ ಬಿರುಕಿನಲ್ಲಿ ಲಿಥಿಯಂನ ಎಳೆ ಬೆಳೆದರೆ ಶಾರ್ಟ್ ಆಗುತ್ತದೆ. ಪ್ರಯೋಗಾಲಯದಲ್ಲಿ ಒಂದು ಸೆಲ್ ಮಾಡಿ ತೋರಿಸುವುದಕ್ಕೂ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಸೆಲ್‌ಗಳನ್ನು ಅಗ್ಗವಾಗಿ ತಯಾರಿಸುವುದಕ್ಕೂ ಅಜಗಜಾಂತರ.

ಟೊಯೊಟಾ 2017ರಲ್ಲಿ 2020ರ ದಶಕದ ಆರಂಭದ ಗುರಿ ಇಟ್ಟುಕೊಂಡಿತ್ತು. 2023ರಲ್ಲಿ ಅದೇ ಕಂಪನಿ 2027–28 ಎಂದಿತು. ಬಂದ ಮೇಲೂ ಮೊದಲ ಸರಕು ದುಬಾರಿ ಕಾರುಗಳ ಪಾಲಿಗೇ. ಇಂದು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯ ಚರಿತ್ರೆಯನ್ನೇ ನೋಡಿ. 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡೆನಫ್ ಅವರ ತಂಡ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದು 1997ರಲ್ಲಿ. ಜನಸಾಮಾನ್ಯರ ಕಾರುಗಳಲ್ಲಿ ಅದು ವ್ಯಾಪಕವಾಗಿ ನೆಲೆಯೂರಲು 2020ರ ದಶಕವೇ ಬರಬೇಕಾಯಿತು.

ತಪ್ಪು ಕಲ್ಪನೆ 2: ಐದು ವರ್ಷಕ್ಕೆ ಬ್ಯಾಟರಿ ಸತ್ತುಹೋಗುತ್ತದೆ

ಸತ್ಯ: ಈ ಭಯ ಹುಟ್ಟಿದ್ದು ಮೊಬೈಲಿನ ಅನುಭವದಿಂದ. ಮೊಬೈಲನ್ನು ದಿನಕ್ಕೊಮ್ಮೆ ಖಾಲಿ ಮಾಡಿ ತುಂಬಿಸುತ್ತೇವೆ. ಕಾರಿನ ಲೆಕ್ಕ ಬೇರೆ. 250 ಕಿ.ಮೀ. ಓಡುವ ಕಾರನ್ನು ದಿನಕ್ಕೆ 50 ಕಿ.ಮೀ. ಓಡಿಸಿದರೆ ಐದು ದಿನಕ್ಕೆ ಒಂದು ಪೂರ್ಣ ಚಾರ್ಜ್. ವರ್ಷಕ್ಕೆ 73, ಹತ್ತು ವರ್ಷಕ್ಕೆ 730. ಎಲ್‌ಎಫ್‌ಪಿ ಸೆಲ್‌ಗಳು ಸಾವಿರಕ್ಕೂ ಮೀರಿದ ಚಾರ್ಜ್‌ಗಳನ್ನು ತಾಳಿಕೊಳ್ಳುತ್ತವೆ. ಜೊತೆಗೆ ಸೆಲ್‌ಗಳ ವೋಲ್ಟೇಜು, ಬಿಸಿ ಎರಡನ್ನೂ ಗಮನಿಸುವ ವ್ಯವಸ್ಥೆ ಕಾರಿನಲ್ಲೇ ಇರುತ್ತದೆ.

ಬ್ಯಾಟರಿ ಸವೆಯುವುದೇ ಇಲ್ಲ ಎಂದಲ್ಲ. ಸವೆತ ಸರಾಸರಿ ವರ್ಷಕ್ಕೆ ಶೇ 2ರ ಆಸುಪಾಸಿನಲ್ಲಿರುತ್ತದೆ. ನಮ್ಮಲ್ಲಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಸಾಮಾನ್ಯ. ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಕೆಳಗಿಳಿದರೆ ವಾರಂಟಿ ಅನ್ವಯಿಸುತ್ತದೆ ಎಂಬುದನ್ನು ಕಾಗದದಲ್ಲೇ ಓದಿಕೊಳ್ಳಿ, ಸೇಲ್ಸ್‌ನವರ ಬಾಯಿಮಾತಿಗೆ ಬಿಡಬೇಡಿ. ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪೂರ್ತಿ ತುಂಬಿಸಿದ ಕಾರನ್ನು ದಿನಗಟ್ಟಲೆ ಬಿಸಿಲಿಗೆ ನಿಲ್ಲಿಸದಿದ್ದರೆ ಅದರ ಆಯುಸ್ಸು ಹೆಚ್ಚುತ್ತದೆ.

ತಪ್ಪು ಕಲ್ಪನೆ 3: ಕಾದಷ್ಟೂ ಲಾಭ, ಬೆಲೆ ಇಳಿಯುತ್ತಲೇ ಇರುತ್ತದೆ

ಸತ್ಯ: ಬ್ಯಾಟರಿ ಅಗ್ಗವಾಗಿರುವುದು ನಿಜ. 2010ರಲ್ಲಿ ಒಂದು ಯೂನಿಟ್ ವಿದ್ಯುತ್ ಹಿಡಿದಿಡುವ ಬ್ಯಾಟರಿಗೆ ಸಾವಿರ ಡಾಲರ್‌ಗೂ ಹೆಚ್ಚು ಬೆಲೆಯಿತ್ತು. 2024ರ ಜಾಗತಿಕ ಸರಾಸರಿ ಸುಮಾರು 115 ಡಾಲರ್. ನಡುವೆ 2022ರಲ್ಲಿ ಲಿಥಿಯಂ ದುಬಾರಿಯಾಗಿ ಬೆಲೆ ಏರಿದ್ದೂ ಉಂಟು. ಆದರೆ ಈ ಇಳಿಕೆಯೆಲ್ಲ ಕಾರಿನ ಬೆಲೆಯಲ್ಲಿ ಕಾಣಿಸುವುದಿಲ್ಲ. 2020ರಲ್ಲಿ ಟಾಟಾ ನೆಕ್ಸಾನ್ ಇವಿ 30.2 ಯೂನಿಟ್ ಬ್ಯಾಟರಿಯೊಂದಿಗೆ ಬಂತು. 2024ರಲ್ಲಿ ಅದೇ ಹೆಸರಿನ ಕಾರಿಗೆ 45 ಯೂನಿಟ್ ಬ್ಯಾಟರಿ ಬಂತು. ಎರಡರ ಆರಂಭಿಕ ಎಕ್ಸ್‌ಶೋರೂಂ ಬೆಲೆಯೂ ಸುಮಾರು 14 ಲಕ್ಷವೇ.

ಸರ್ಕಾರದ ರಿಯಾಯಿತಿಗಳು ಮಾತ್ರ ಕಾಯುವುದಿಲ್ಲ. ಇವಿ ಸಾಲದ ಬಡ್ಡಿಗಿದ್ದ ಆದಾಯ ತೆರಿಗೆ ವಿನಾಯಿತಿ 2023ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗೆ ಇಲ್ಲ. 2017ರಲ್ಲೇ ಇವಿ ನೀತಿ ತಂದ ಕರ್ನಾಟಕ, 2024ರಲ್ಲಿ 25 ಲಕ್ಷ ಮೀರಿದ ಇವಿಗಳಿಗೆ ಶೇ 10ರ ಜೀವಿತಾವಧಿ ತೆರಿಗೆ ಹಾಕಿತು.

ಕಾಯುವ ಕಾಲಕ್ಕೂ ಖರ್ಚಿದೆ. ತಿಂಗಳಿಗೆ 1,500 ಕಿ.ಮೀ. ಓಡಿಸುವವರ ಪೆಟ್ರೋಲ್ ಕಾರು ಲೀಟರ್‌ಗೆ 15 ಕಿ.ಮೀ. ಕೊಟ್ಟರೆ 100 ಲೀಟರ್ ಬೇಕು, ಅಂದರೆ ಸುಮಾರು ಹತ್ತು ಸಾವಿರ ರೂಪಾಯಿ. ಅಷ್ಟೇ ದೂರಕ್ಕೆ ಇವಿಗೆ ಸುಮಾರು 250 ಯೂನಿಟ್ ಸಾಕು. ಮನೆಯ ಕರೆಂಟಿಗೆ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1,750. ಇವಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೂ ಅದು ಸುಮಾರು ಮೂರು ವರ್ಷದಲ್ಲಿ ಹುಟ್ಟುತ್ತದೆ. ತಿಂಗಳಿಗೆ 400 ಕಿ.ಮೀ. ಓಡಿಸುವವರಿಗೆ ಉಳಿಯುವುದು ಎರಡು ಸಾವಿರ ಚಿಲ್ಲರೆ. ಅದೇ ಮೂರು ಲಕ್ಷ ಹುಟ್ಟಲು ಹತ್ತು ವರ್ಷ ದಾಟುತ್ತದೆ.

ಒಂದು ಎಚ್ಚರಿಕೆ: ಮನೆಯ ಮೀಟರಿನಲ್ಲೇ ಚಾರ್ಜ್ ಮಾಡಿ ಬಳಕೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯ ಉಚಿತ ವಿದ್ಯುತ್ ಕೈತಪ್ಪಿ ಪೂರ್ತಿ ಬಿಲ್ ಬರುತ್ತದೆ. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ಮೀಟರ್ ಪಡೆಯಲು ಅವಕಾಶವಿದೆ, ಎಸ್ಕಾಂ ಕಚೇರಿಯಲ್ಲಿ ವಿಚಾರಿಸಿ.

ತಪ್ಪು ಕಲ್ಪನೆ 4: 500 ಕಿ.ಮೀ. ಓಡದ ಕಾರು ಪ್ರಯೋಜನವಿಲ್ಲ

ಸತ್ಯ: ಜಾಹೀರಾತಿನ ಅಂಕಿಯನ್ನು ಮೊದಲು ಬದಿಗಿಡಿ. 45 ಯೂನಿಟ್‌ನ ನೆಕ್ಸಾನ್‌ಗೆ ಪರೀಕ್ಷೆಯ ಲೆಕ್ಕದಲ್ಲಿ 489 ಕಿ.ಮೀ. ಇದ್ದರೂ ನಿತ್ಯದ ರಸ್ತೆಗೆ ಕಂಪನಿಯೇ ಹೇಳುವುದು 350–370. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ದಾರಿಯಲ್ಲಿ ಒಂದು ಸಲ ಊಟಕ್ಕೆ ನಿಲ್ಲಿಸಿದಾಗಲೇ ಚಾರ್ಜ್ ಮಾಡಿದರೆ ಸಾಕು. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿಗೆ ಒಂದಷ್ಟು ಚಾರ್ಜ್ ಮರಳಿ ಬರುತ್ತದೆ, ವಾಪಸ್ ಹತ್ತುವಾಗ ಹೆಚ್ಚು ಖರ್ಚಾಗುತ್ತದೆ. ಶೇ 80 ದಾಟಿದ ಮೇಲೆ ಫಾಸ್ಟ್ ಚಾರ್ಜರ್ ಕೂಡ ನಿಧಾನವಾಗುವುದರಿಂದ ಅಲ್ಲಿಗೇ ಬಿಡಿಸಿ ಹೊರಡುವುದು ಜಾಣತನ. ಹಬ್ಬದ ರಜೆಯಲ್ಲಿ ಚಾರ್ಜರ್ ಮುಂದೆ ಸಾಲು ನಿಲ್ಲಬೇಕಾಗಬಹುದು. ಅದಕ್ಕೆ ಬೇಕಿರುವುದು ಹೆಚ್ಚು ಚಾರ್ಜರ್‌ಗಳು.

ತಪ್ಪು ಕಲ್ಪನೆ 5: ಈಗ ಕೊಂಡುಬಿಡೋಣ, ಹೊಸ ಬ್ಯಾಟರಿ ಬಂದಾಗ ಇದಕ್ಕೇ ಹಾಕಿಸಿದರಾಯಿತು

ಸತ್ಯ: ಅವಸರ ಮಾಡುವವರ ತಪ್ಪು ಇದು. ಬ್ಯಾಟರಿಯ ಆಕಾರ, ವೋಲ್ಟೇಜು, ಕೂಲಿಂಗು, ಸಾಫ್ಟ್‌ವೇರು ಎಲ್ಲವೂ ಆ ಕಾರಿಗೆಂದೇ ಹೊಂದಿಸಿದವು. ಬೇರೆ ಬಗೆಯ ಬ್ಯಾಟರಿ ಹಾಕಿಸುವ ಲೆಕ್ಕಾಚಾರ ಬೇಡ. ಹೊಸ ಮಾದರಿಗಳು ಬೇಗ ಬರುವುದರಿಂದ ಇವಿಯ ಮರುಮಾರಾಟದ ಬೆಲೆಯೂ ಬೇಗ ಕುಸಿಯುತ್ತದೆ. ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ಇದು ನಷ್ಟ. ಎಂಟು–ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ.

ಹಾಗಾದರೆ ಕಾಯಬೇಕಾದವರು ಯಾರು?

ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇಲ್ಲದವರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಒಪ್ಪಿಗೆ ಸಿಗದವರು, ಚಾರ್ಜರ್ ಇಲ್ಲದ ಊರುಗಳಿಗೆ ವಾರವಾರ ಹೋಗುವವರು, ಕಡಿಮೆ ಓಡಿಸುವವರು, ಚೆನ್ನಾಗಿರುವ ಹಳೇ ಕಾರು ಇರುವವರು. ಇವರೆಲ್ಲ ನಿಶ್ಚಿಂತೆಯಿಂದ ಕಾಯಬಹುದು. ಉಳಿದವರಿಗೆ ಗೀಸರ್‌ಗೆ ಹಾಕಿಸುವಂಥ 15 ಆಂಪಿಯರ್ ಸಾಕೆಟ್ಟೇ ಬಹುಪಾಲು ಸಾಕು. ರಾತ್ರಿ ಎಂಟು ಗಂಟೆ ಚಾರ್ಜ್ ಮಾಡಿದರೆ ಬೆಳಿಗ್ಗೆಗೆ ನೂರು ಕಿ.ಮೀ.ಗೂ ಹೆಚ್ಚು ದೂರಕ್ಕೆ ಆಗುವಷ್ಟು ತುಂಬಿರುತ್ತದೆ. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್, ವೈರಿಂಗ್ ಎರಡನ್ನೂ ಪರೀಕ್ಷಿಸಿಕೊಳ್ಳಲೇಬೇಕು.

ಶೋರೂಮಿಗೆ ಹೋಗುವ ಮುನ್ನ ತಿಂಗಳಿಗೆ ಎಷ್ಟು ಕಿ.ಮೀ. ಓಡಿಸುತ್ತೀರಿ, ರಾತ್ರಿ ಎಲ್ಲಿ ಚಾರ್ಜ್ ಮಾಡುತ್ತೀರಿ ಎಂಬ ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಎರಡೂ ಉತ್ತರ ಇವಿಗೆ ಹೊಂದುವಂತಿದ್ದರೆ ಈಗಿರುವ ಬ್ಯಾಟರಿಯೇ ಸಾಕಷ್ಟು ಒಳ್ಳೆಯದು. ಪ್ಲಗ್ಗೇ ಇಲ್ಲದ ಜಾಗದಲ್ಲಿ ನಾಳೆಯ ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ. ಹಾಗಾಗಿ ಕಾಯುವವರು ಸುಮ್ಮನೆ ಕಾಯದೆ ಆ ಪ್ಲಗ್‌ಗೆ ಬೇಕಾದ ಅನುಮತಿಯನ್ನು ಇಂದೇ ಕೇಳಲಿ.